ತಿಗರಿಗೊಂದು ಹಳೆಯ ಹಲಗೆ

ತಿಗರಿಯ ಮೇಲೆ ರೂಪಿಸಿದ ಅಗಲವಾದ ತಟ್ಟೆಯನ್ನು ಹಸಿಯಾಗಿರುವಾಗಲೇ ಕೈಯಿಂದೆತ್ತಿದರೆ ಅದು ಸೊಟ್ಟಗಾಗುವುದು. ಪಟ್ಟ ಶ್ರಮವೆಲ್ಲವೂ ಮಣ್ಣುಪಾಲಾಗುವುದು. ಇದಕ್ಕೆ ಪರಿಹಾರವು ಮನೆಯ ಮೂಲೆಯಲ್ಲಿಯೇ ದೊರೆಯುವುದುಂಟು.

ಮುರಿದ ಬೀರುವಿನಿಂದ ಡೊಂಕಿಲ್ಲದ ಪ್ಲೈವುಡ್ ತುಂಡೊಂದನ್ನಾಯ್ದು, ಮೊಳೆ ದಾರಗಳಿಂದ 30 ಸೆಂಟಿಮೀಟರ್ ಅಡ್ಡಳತೆಯ ವೃತ್ತವನ್ನೆಳೆದು, ಗರಗಸದಿಂದ ಕತ್ತರಿಸಿ, ಅಂಚನ್ನು ಉಪ್ಪುಕಾಗದದಿಂದ ಉಜ್ಜಿರಿ. ನೀರು ಹೊಕ್ಕರೆ ಹಲಗೆಯು ಉಬ್ಬುವುದರಿಂದ, ಅಂಚಿಗೂ ಎರಡು ಮೈಗಳಿಗೂ ವಾರ್ನಿಷನ್ನು ಎರಡಾವರ್ತಿ ಬಳಿದು ಒಣಗಿಸತಕ್ಕದ್ದು.

ತಿಗರಿಯ ಮೇಲೆ ಜೇಡಿಮಣ್ಣನ್ನು ಬೆರಳುದಪ್ಪ ಸಮವಾಗಿ ಹರಡಿ, ಸುತ್ತುಗೆರೆಗಳನ್ನು ಕೊರೆದು, ಹಲಗೆಯ ಅಡಿಯನ್ನು ತುಸುವೇ ಒದ್ದೆಮಾಡಿ, ನಡುವಿಗೆ ಸರಿಯಾಗಿ ಒತ್ತಿದರೆ ಅದು ಕಚ್ಚಿಕೊಳ್ಳುವುದು. ತಟ್ಟೆಯು ಸಿದ್ಧವಾದೊಡನೆ ಅದರ ಬುಡದಲ್ಲಿ ತಂತಿಯನ್ನೆಳೆದು, ಹಲಗೆಸಮೇತ ಎತ್ತಿ ನೆರಳಿನಲ್ಲಿಡಬಹುದು.

ಒಡೆದ ಪ್ಲಾಸ್ಟರ್ ಅಚ್ಚನ್ನು ಮಾತ್ರ ಬಳಸಕೂಡದು. ಅದರ ಚೂರು ಮಣ್ಣಿಗೆ ಬೆರೆತರೆ, ಸುಟ್ಟ ಪಾತ್ರೆಯ ಮೈ ಸಿಡಿಯುವುದು. ಒಲೆಗೆ ಹೋಗಬೇಕಾಗಿದ್ದ ಹಲಗೆಯು ಹೀಗೆ ಹಲವು ತಟ್ಟೆಗಳಿಗೆ ಆಸರೆಯಾಗುವುದು.