ಅರಿಶಿನದೊಳಗಿನ ಬೆಳಕು: ಹೊಳೆಯುವ ಬಣ್ಣಗಳನ್ನು ರೂಪಿಸುವ ಬಗೆ

ಗೆಟ್ಟವಾಡಿಯೂ ಸೇರಿದಂತೆ ತಾಳವಾಡಿ ಬೆಟ್ಟಸೀಮೆಯ ಊರುಗಳಲ್ಲಿ ಪೋಷಕರನ್ನು ಕಂಡಾಗಲೆಲ್ಲ ನಮಗೆ ಎದುರಾಗುವ ಪ್ರಶ್ನೆಯೊಂದಿದೆ: “ಮನೆಮಾತು ಕನ್ನಡವೇ ಸರಿ, ಆದರೆ ದೊಡ್ಡ ವಿಜ್ಞಾನವನ್ನೆಲ್ಲ ಕನ್ನಡದಲ್ಲಿ ಕಲಿಯಲಾದೀತೇ, ಮೇಷ್ಟ್ರೇ?” ಇದಕ್ಕೆ ವಾದದಿಂದ ಉತ್ತರಿಸುವುದಕ್ಕಿಂತ, ಇಂದಿನ ರಸಾಯನವಿಜ್ಞಾನದ ವಿಷಯವೊಂದನ್ನು ಕನ್ನಡದಲ್ಲಿಯೇ ವಿವರಿಸುವುದು ಲೇಸೆಂದು ಭಾವಿಸಿದ್ದೇವೆ.

ಐನೂರರ ನೋಟನ್ನು ನೇರಳಾತೀತ ದೀಪದಡಿ ಹಿಡಿದರೆ ಅದರ ಕ್ರಮಸಂಖ್ಯೆ ಹೊಳೆಯುತ್ತದೆ. ನೇರಳಾತೀತ ಕಿರಣ ನಮ್ಮ ಕಣ್ಣಿಗೆ ಕಾಣದು. ಶಾಯಿಯಲ್ಲಿರುವ ಪದಾರ್ಥವು ಅದನ್ನು ಹೀರಿಕೊಂಡು, ಶಕ್ತಿಯ ಒಂದು ಪಾಲನ್ನು ಶಾಖವಾಗಿ ಕಳೆದುಕೊಂಡು, ಉಳಿದುದನ್ನು ಕಾಣುವ ಬೆಳಕಾಗಿ ಸೂಸುತ್ತದೆ. ಇದೇ ಪ್ರತಿದೀಪ್ತಿ. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ ಇದನ್ನು ವಿವರಿಸಿದರು.

ನಮ್ಮ ಹೊಲಗಳ ಅರಿಶಿನಕ್ಕೂ ಈ ಗುಣವಿದೆ. ಅದರ ಹಳದಿಗೆ ಕಾರಣ ಕರ್ಕ್ಯುಮಿನ್ ಎಂಬ ಸಾವಯವ ಸಂಯುಕ್ತ. ಚಿಟಿಕೆ ಅರಿಶಿನವನ್ನು ಅಡುಗೆ ಎಣ್ಣೆಯಲ್ಲಿ ಕಲಕಿ, ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ದೀಪವನ್ನು ಹಿಡಿದರೆ ಹಸಿರು ಬೆರೆತ ಹಳದಿ ಹೊಳಪು ಕಾಣುತ್ತದೆ. ನೀರಿನಲ್ಲಿ ಕಲಕಿದರೆ ಅದೇ ಹೊಳಪು ತೀರ ಮಂದ. ದೀಪವನ್ನು ಮಾತ್ರ ಮಕ್ಕಳು ನೇರವಾಗಿ ನೋಡಬಾರದು.

ಇಂತಹ ಬಣ್ಣಗಳನ್ನು ಹೊಸದಾಗಿ ರೂಪಿಸುವವರು ಮುಖ್ಯವಾಗಿ ಮೂರು ಗುಣಗಳನ್ನು ಗಮನಿಸುತ್ತಾರೆ.

ಮೊದಲನೆಯದು ಬಣ್ಣ. ಕರ್ಕ್ಯುಮಿನ್ ಅಣುವಿನಲ್ಲಿ ಎರಡು ಉಂಗುರಗಳ ನಡುವೆ ಏಳು ಇಂಗಾಲಗಳ ಸರಪಳಿಯಿದೆ. ಏಕಬಂಧ, ದ್ವಿಬಂಧಗಳು ಒಂದರ ನಂತರ ಒಂದು ಬರುವ ಇಂತಹ ಸರಪಳಿಯಲ್ಲಿ ಎಲೆಕ್ಟ್ರಾನುಗಳು ಉದ್ದಕ್ಕೂ ಹರಡಿಕೊಳ್ಳುತ್ತವೆ. ಸರಪಳಿ ಉದ್ದವಾದಷ್ಟೂ ಅಣು ಹೀರುವ ಬೆಳಕು ನೇರಳೆಯಿಂದ ಕೆಂಪಿನ ಕಡೆಗೆ ಸರಿಯುತ್ತದೆ.

ಎರಡನೆಯದು ಹೊಳಪು. ತಿರುಚಿ ಅಲುಗಾಡುವ ಅಣು ಹೀರಿದ ಶಕ್ತಿಯನ್ನು ಶಾಖವಾಗಿ ಚೆಲ್ಲಿಬಿಡುತ್ತದೆ. ಬಿಗಿಯಾಗಿ ನಿಂತ ಅಣು ಬೆಳಕಾಗಿ ಕೊಡುತ್ತದೆ. ಶಾಲೆಯ ಪ್ರಯೋಗಾಲಯದ ಫಿನಾಲ್ಫ್ಥಲೀನ್ ಪ್ರತ್ಯಾಮ್ಲದಲ್ಲಿ ಗುಲಾಬಿಯಾಗುತ್ತದೆ, ಆದರೆ ಹೊಳೆಯುವುದಿಲ್ಲ. 1871ರಲ್ಲಿ ಅಡಾಲ್ಫ್ ವಾನ್ ಬೇಯರ್ ತಯಾರಿಸಿದ ಫ್ಲೋರಸೀನ್ ಅದರ ಸೋದರನಂತಿದೆ. ಇದರಲ್ಲಿ ಎರಡು ಉಂಗುರಗಳಿಗೆ ಆಮ್ಲಜನಕದ ಒಂದೇ ಒಂದು ಪರಮಾಣು ಸೇತುವೆಯಾಗಿ ಅಲುಗಾಟವನ್ನು ತಡೆದಿದೆ. ಆದುದರಿಂದ ಅದು ಹಸಿರಾಗಿ ಬೆಳಗುತ್ತದೆ.

ಮೂರನೆಯದು ಬಾಳಿಕೆ. ಬಟ್ಟೆಗೆ ಅಂಟಿದ ಅರಿಶಿನದ ಕಲೆಯನ್ನು ಒಗೆದು ಬಿಸಿಲಿಗೆ ಹರವಿದರೆ ಮಾಸುವುದನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ಬೆಳಕೇ ಆ ಅಣುವನ್ನು ಒಡೆಯುತ್ತದೆ. ಬೆಳಕಿನಲ್ಲಿಯೇ ದುಡಿಯಬೇಕಾದ ಬಣ್ಣ ಹಾಗೆ ಒಡೆಯಬಾರದು.

ಇದರ ಫಲ ದೂರದ್ದಲ್ಲ. ಕಣ್ಣಿನ ಕರಿಗುಡ್ಡೆಯ ಮೇಲೆ ಗೀರು ಬಿದ್ದಿದೆಯೇ ಎಂದು ತಿಳಿಯಲು ವೈದ್ಯರು ಫ್ಲೋರಸೀನ್ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಗೀರು ಹಸಿರಾಗಿ ಎದ್ದು ಕಾಣುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಮರೆವಿನ ರೋಗವಾದ ಆಲ್ಝೈಮರ್‌ನಲ್ಲಿ ಮಿದುಳಿನೊಳಗೆ ಗಂಟುಗಟ್ಟುವ ಪ್ರೋಟೀನುಗಳನ್ನು ಗುರುತಿಸುವ ಪ್ರತಿದೀಪ್ತ ಅಣುಗಳ ಕುರಿತು ಸಂಶೋಧನೆ ನಡೆದಿದೆ.

ಮುಂದೆ ಕಾಲೇಜಿನಲ್ಲಿ ನಮ್ಮ ಮಕ್ಕಳು ಇವನ್ನು ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅರ್ಥವಾದ ವಿಷಯಕ್ಕೆ ಹೊಸ ಹೆಸರು ಕಲಿಯುವುದು ಸುಲಭ. ಅರ್ಥವಾಗದೆ ಹೆಸರಷ್ಟೇ ಕಲಿತರೆ ಅದು ಪರೀಕ್ಷೆಯ ಮಾರನೆಯ ದಿನಕ್ಕೂ ಉಳಿಯದು. ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೆ: ಇಂದು ಸಂಜೆ ಅಡುಗೆಮನೆಯ ಅರಿಶಿನದ ಡಬ್ಬಿ ತೆಗೆದು, ಎಣ್ಣೆಯಲ್ಲಿ ಹೊಳೆದದ್ದು ನೀರಿನಲ್ಲೇಕೆ ಮಂಕಾಯಿತೆಂದು ಮಗುವನ್ನು ಕೇಳಿರಿ. ಉತ್ತರವನ್ನು ಅದು ತನ್ನ ಮಾತಿನಲ್ಲಿ ಹುಡುಕಲಿ.