ಮಗಳು ಹಿಸ್ಟರಿ ಓದ್ತೀನಿ ಅಂದ್ರೆ ಏನು ಹೇಳ್ತೀರಿ?

ಹೋದ ವಾರ ಹೈದರಾಬಾದಿನಿಂದ ನಮ್ಮ ವೀಕ್ಷಕರೊಬ್ಬರು ಮೆಸೇಜ್ ಹಾಕಿದ್ದರು. ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿದ್ದಾರೆ, ಊರು ಗದಗ. ಮಗಳು ಹನ್ನೆರಡನೇ ಕ್ಲಾಸು. "ಸರ್, ಎಂಜಿನಿಯರಿಂಗ್ ಬ್ಯಾಡ, ಹಿಸ್ಟರಿ ಓದ್ತೀನಿ ಅಂತ ಹಟ ಹಿಡಿದಾಳ. ಮನ್ಯಾಗ ತಿಂಗಳಿಂದ ಇದೇ ಜಗಳ. ಅದನ್ನ ಓದಿ ಏನು ಮಾಡ್ತಾಳ್ರೀ?"

ಈ ಪ್ರಶ್ನೇನ ನಗೆಯಾಡೋ ಹಾಗಿಲ್ಲ. ಇಎಂಐ ಕಟ್ಟೋರಿಗೆ ಮಕ್ಕಳ ಸಂಬಳದ ಚಿಂತೆ ಇದ್ದೇ ಇರುತ್ತೆ. ನಾನೂ ಎಂಟೆಕ್ ಮಾಡಿ ಕೋಡ್ ಬರೆಯೋನೇ. ಹಾಗಾಗಿ ಇವತ್ತು ಎರಡು ವಿಷಯ ನೋಡೋಣ. ಯೂನಿವರ್ಸಿಟಿಯಲ್ಲಿ ಹಿಸ್ಟರಿ ಅಂದ್ರೆ ಏನು ಕಲೀತಾರೆ? ಅದರಿಂದ ಯಾವ ಯಾವ ಕೆಲಸಕ್ಕೆ ದಾರಿ ಇದೆ?

ನಮಗೆಲ್ಲ ನೆನಪಿರೋದು ಹೈಸ್ಕೂಲ್ ಹಿಸ್ಟರಿ. ಪಾಣಿಪತ್ ಕದನ ಯಾವಾಗ, ಅಶೋಕ ಸಾಲುಮರ ನೆಡಿಸಿದ, ಅಷ್ಟೇ. ಯೂನಿವರ್ಸಿಟಿಯಲ್ಲಿ ಇಸವಿ ಬರೀ ಶುರು. ಅಲ್ಲಿನ ನಿಜವಾದ ಪಾಠ ಏನಂದ್ರೆ, ಎದುರಿಗಿರೋ ದಾಖಲೆ ಯಾರು ಬರೆದದ್ದು, ಯಾರಿಗಾಗಿ ಬರೆದದ್ದು, ಅದನ್ನ ಎಷ್ಟು ನಂಬಬಹುದು ಅನ್ನೋದು.

ಹೈದರಾಬಾದಿನವರಿಗೆ ಹತ್ತಿರದ ಒಂದು ಉದಾಹರಣೆ ಹೇಳ್ತೀನಿ. ತೆಲಂಗಾಣದ ಕರೀಂನಗರ ಜಿಲ್ಲೆಯಲ್ಲಿ ಕುರ್ಕ್ಯಾಲ ಅಂತ ಊರಿದೆ. ಅಲ್ಲಿನ ಗುಡ್ಡದ ಬಂಡೆ ಮೇಲೆ 10ನೇ ಶತಮಾನದ ಒಂದು ಶಾಸನ ಇದೆ. ಕೆತ್ತಿಸಿದವನು ಜಿನವಲ್ಲಭ, ಅಂದ್ರೆ ನಮ್ಮ ಆದಿಕವಿ ಪಂಪನ ತಮ್ಮ! ಒಂದೇ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಯ ಪದ್ಯಗಳಿವೆ. ಪಂಪನ ತಾಯಿ ಹೆಸರು ಅಬ್ಬಣಬ್ಬೆ, ಆಕೆಯ ಕಡೆಯವರು ಅಣ್ಣಿಗೇರಿಯವರು ಅಂತ ನಮಗೆ ಗೊತ್ತಾಗೋದು ಈ ಕಲ್ಲಿನಿಂದ. ಅಣ್ಣಿಗೇರಿ ಇರೋದು ಗದಗ-ಹುಬ್ಬಳ್ಳಿ ದಾರಿಯಲ್ಲಿ. ಮೆಸೇಜ್ ಹಾಕಿದವರ ಊರಿನ ಪಕ್ಕದಲ್ಲೇ ಅಲ್ವಾ?

ಈಗ ಹಿಸ್ಟರಿ ವಿದ್ಯಾರ್ಥಿ ಏನು ಕೇಳ್ತಾರೆ ನೋಡಿ. ಬರೆಸಿದವನು ತಮ್ಮ, ಅಣ್ಣನ್ನ ಹೊಗಳ್ತಾನೆ. ಆ ಹೊಗಳಿಕೆಯನ್ನ ಹಾಗೇ ಒಪ್ಪೋಕಾಗಲ್ಲ. ಆದರೆ ತಂದೆ ತಾಯಿ ಹೆಸರಲ್ಲಿ ಸುಳ್ಳು ಹೇಳೋಕೆ ಅವನಿಗೆ ಕಾರಣ ಕಾಣಲ್ಲ. ಪಂಪ ತನ್ನ ಕಾವ್ಯದಲ್ಲಿ ತನ್ನ ಬಗ್ಗೆ ಹೇಳಿಕೊಂಡಿರೋದಕ್ಕೂ ಇದಕ್ಕೂ ತಾಳೆ ಆಗುತ್ತಾ? ಅಕ್ಷರದ ರೂಪ ಆ ಕಾಲದ್ದೇನಾ? ನಾವು ಲಾಗ್ ನೋಡಿ ತಪ್ಪು ಎಲ್ಲಾಯ್ತು ಅಂತ ಹುಡುಕ್ತೀವಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಒಂದೇ ವ್ಯತ್ಯಾಸ, ಇಲ್ಲಿ ಮತ್ತೊಮ್ಮೆ ರನ್ ಮಾಡಿ ನೋಡೋಕಾಗಲ್ಲ. ಉಳಿದಿರೋ ಚೂರುಪಾರು ಸಾಕ್ಷ್ಯದಲ್ಲೇ ತೀರ್ಮಾನಕ್ಕೆ ಬರಬೇಕು.

ಸರಿ, ಕೆಲಸದ ಮಾತಿಗೆ ಬರೋಣ.

ಮೊದಲನೇದು ಪಾಠ ಮಾಡೋದು. ಎಂಎಯಲ್ಲಿ 55% ತಗೊಂಡು ನೆಟ್ ಅಥವಾ ರಾಜ್ಯದ ಸೆಟ್ ಪಾಸಾದರೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಅರ್ಹತೆ ಬರುತ್ತೆ. ಏಳನೇ ವೇತನ ಆಯೋಗದ ಪ್ರಕಾರ ಶುರುವಿನ ಮೂಲ ವೇತನ 57,700 ರೂಪಾಯಿ. ಜೆಆರ್‌ಎಫ್ ಸಿಕ್ಕಿದರೆ ಪಿಎಚ್‌ಡಿ ಮಾಡುವಾಗ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್, 2023ರಿಂದ ಇದೇ ದರ. ಆದರೆ ಮುಚ್ಚುಮರೆ ಬೇಡ. ಖಾಯಂ ಹುದ್ದೆ ಕಡಿಮೆ, ಗೆಸ್ಟ್ ಲೆಕ್ಚರರ್ ಆಗಿ ವರ್ಷಗಟ್ಟಲೆ ಕಾಯೋರು ಬಹಳ ಜನ ಇದ್ದಾರೆ.

ಎರಡನೇದು ಪುರಾತತ್ವ, ಶಾಸನ, ದಾಖಲೆಗಳ ಕೆಲಸ. ಭಾರತೀಯ ಪುರಾತತ್ವ ಇಲಾಖೆಯವರು ಗ್ರೇಟರ್ ನೋಯ್ಡಾದಲ್ಲಿ ಎರಡು ವರ್ಷದ ಪಿಜಿ ಡಿಪ್ಲೊಮಾ ನಡೆಸ್ತಾರೆ. ಪುಣೆಯ ಡೆಕ್ಕನ್ ಕಾಲೇಜು ಪುರಾತತ್ವಕ್ಕೆ ಹೆಸರುವಾಸಿ. ದೆಹಲಿಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಹಳೇ ದಾಖಲೆ ಕಾಪಾಡೋದಕ್ಕೇ ಒಂದು ವರ್ಷದ ಡಿಪ್ಲೊಮಾ ಇದೆ. ಪುರಾತತ್ವ ಇಲಾಖೆಯ ಶಾಸನ ವಿಭಾಗದ ಕೇಂದ್ರ ಇರೋದು ನಮ್ಮ ಮೈಸೂರಿನಲ್ಲಿ. ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ, ಮಸಿ ಹಚ್ಚಿ ತೆಗೆದ ಪಡಿಯಚ್ಚುಗಳ ದೊಡ್ಡ ಸಂಗ್ರಹವೇ ಅಲ್ಲಿದೆ. ಕಂಪನಿಗಳೂ ತಮ್ಮ ಇತಿಹಾಸ ಕಾಪಾಡೋಕೆ ಆರ್ಕೈವ್ಸ್ ಇಟ್ಟಿವೆ. ಟಾಟಾದವರದ್ದು ಪುಣೆಯಲ್ಲಿ, ಗೋದ್ರೇಜ್‌ನವರದ್ದು ಮುಂಬೈನ ವಿಕ್ರೋಲಿಯಲ್ಲಿ.

ಮೂರನೇದು ಯುಪಿಎಸ್‌ಸಿ. ಮೇನ್ಸ್‌ನ 1750 ಅಂಕದಲ್ಲಿ ಐಚ್ಛಿಕ ವಿಷಯಕ್ಕೆ 500 ಅಂಕ, ಹಿಸ್ಟರಿಯನ್ನೇ ಆರಿಸಿಕೊಳ್ಳಬಹುದು. ಸಾಮಾನ್ಯ ಅಧ್ಯಯನದ ಪೇಪರಿಗೂ ಅದೇ ಓದು ಬರುತ್ತೆ. ಇನ್ನು ಡಿಗ್ರಿ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ, ಪತ್ರಿಕೋದ್ಯಮ, ಪ್ರಕಾಶನ, ಡಾಕ್ಯುಮೆಂಟರಿ ರಿಸರ್ಚ್ ಇವೆಲ್ಲ ಇದ್ದೇ ಇವೆ. ದಾಖಲೆ ಓದಿ, ಅಳೆದು ತೂಗಿ, ಸ್ಪಷ್ಟವಾಗಿ ಬರೆಯೋಕೆ ಬರೋರು ಅಲ್ಲೆಲ್ಲ ಬೇಕು.

ಈಗ ನನ್ನ ಮುಖ್ಯ ಮಾತು. ಬರೀ ಡಿಗ್ರಿ ಸಾಕಾಗಲ್ಲ, ಜೊತೆಗೆ ಒಂದು ಉಪಕರಣ ಕೈಯಲ್ಲಿರಬೇಕು. ಅದು ಹಳೇ ಭಾಷೆ ಮತ್ತು ಲಿಪಿ ಆಗಬಹುದು, ಮ್ಯಾಪಿಂಗ್ ಸಾಫ್ಟ್‌ವೇರ್ ಆಗಬಹುದು, ದಾಖಲೆ ಸಂರಕ್ಷಣೆ ಆಗಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನ ಥ್ರೀ-ಡಿ ಸ್ಕ್ಯಾನ್ ಮಾಡಿ ಇಡ್ತಿದ್ದಾರೆ. ಕಣ್ಣಿಗೆ ಸವೆದುಹೋದಂತೆ ಕಾಣೋ ಅಕ್ಷರ ಸ್ಕ್ಯಾನ್‌ನಲ್ಲಿ ಓದೋಕೆ ಸಿಗುತ್ತೆ. ಆದರೆ ಓದೋಕೆ ಕನ್ನಡ ಗೊತ್ತಿರೋ ಮನುಷ್ಯ ಬೇಕಲ್ಲ!

ಕನ್ನಡ ಶಾಸನಗಳು ಕರ್ನಾಟಕದ ಗಡಿಗೆ ನಿಂತಿಲ್ಲ. ಸೊಲ್ಲಾಪುರದ ಕಡೆ ಇವೆ, ತೆಲಂಗಾಣದಲ್ಲೂ ಇವೆ. ಹೈದರಾಬಾದಿನಲ್ಲಿ ಬೆಳೆದ ಆ ಹುಡುಗಿಗೆ ಸ್ಕೂಲಿಂದ ತೆಲುಗು ಬರುತ್ತೆ, ಮನೆಯಿಂದ ಕನ್ನಡ ಬರುತ್ತೆ. ಸಂಸ್ಕೃತ ಸ್ವಲ್ಪ ಕಲಿತು, ಹಳಗನ್ನಡದ ಅಭ್ಯಾಸ ಮಾಡಿದರೆ ಕುರ್ಕ್ಯಾಲದ ಬಂಡೆಯ ಮೂರೂ ಭಾಷೆ ಅವಳ ಕೈಗೆ ಸಿಗುತ್ತೆ. ಅಂಥವರು ಎಷ್ಟು ಜನ ಇದ್ದಾರೆ ಹೇಳಿ?

ತೊಂದರೆ ಏನಂದ್ರೆ, ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. "ಇಲ್ಲಿ ಯಾವ ಉಪಯೋಗ" ಅಂತ ನಾವೇ ಬಿಟ್ಟುಬಿಟ್ಟಿದ್ದೀವಿ.

ಹಾಗಾಗಿ ಆ ತಂದೆ ತಾಯಿಗೆ ನಾನು ಹೇಳೋದಿಷ್ಟು. ಜಗಳ ನಿಲ್ಲಿಸಿ. ಒಂದು ಭಾನುವಾರ ಮಗಳನ್ನ ಕಾರಲ್ಲಿ ಕೂರಿಸಿಕೊಂಡು ಕುರ್ಕ್ಯಾಲಕ್ಕೆ ಹೋಗಿ ಬನ್ನಿ. ಬಂಡೆ ಮುಂದೆ ಅವಳು ಫೋಟೋ ತೆಗೆದು ವಾಪಸ್ ಬರ್ತಾಳಾ, ಅಥವಾ "ಅಪ್ಪಾ, ಈ ಅಕ್ಷರ ಏನು" ಅಂತ ನಿಂತುಬಿಡ್ತಾಳಾ ನೋಡಿ. ನಿಂತುಬಿಟ್ಟರೆ ಓದಿಸಿ. ಯಾವ ಉಪಕರಣ ಕಲೀತೀಯಾ ಅಂತ ಮಾತ್ರ ಮೊದಲ ವರ್ಷದಿಂದಲೇ ಕೇಳ್ತಾ ಇರಿ.

ಮುಂದಿನ ವಿಡಿಯೋದಲ್ಲಿ ಸಿಗೋಣ. ನಮಸ್ಕಾರ.