ತಂತ್ರಾಂಶ ರೇಡ್‌ನಿಂದ ದತ್ತಾಂಶ ಮರುಗಳಿಕೆ

ತಂತ್ರಾಂಶ ರೇಡ್‌ನಿಂದ ದತ್ತಾಂಶ ಮರುಗಳಿಕೆ ಎಂದರೆ, ಕಾರ್ಯಾಚರಣಾ ವ್ಯವಸ್ಥೆಯೇ ನಿರ್ವಹಿಸುವ ಡಿಸ್ಕ್‌ಗಳ ಸಮೂಹವು ವಿಫಲವಾದಾಗ, ಬ್ಯಾಕಪ್ ಇಲ್ಲದಿದ್ದರೂ ಅದೇ ಡಿಸ್ಕ್‌ಗಳಿಂದ ಕಡತಗಳನ್ನು ಮರಳಿ ಪಡೆಯುವ ಪ್ರಕ್ರಿಯೆ. ಲಿನಕ್ಸ್‌ನಲ್ಲಿ ಇಂತಹ ಸಮೂಹಗಳನ್ನು ‘ಎಂಡಿಎಡಿಎಂ’ ಎಂಬ ಉಪಕರಣದಿಂದ ನಿರ್ವಹಿಸಲಾಗುತ್ತದೆ.

ಹಿನ್ನೆಲೆ

೧೯೮೮ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್ ಅವರ ಪ್ರಬಂಧದಿಂದ ‘ರೇಡ್’ ಎಂಬ ಹೆಸರು ಪ್ರಚಾರಕ್ಕೆ ಬಂದಿತು. ದುಬಾರಿಯಾದ ಒಂದು ದೊಡ್ಡ ಡಿಸ್ಕ್‌ಗೆ ಬದಲಾಗಿ ಅಗ್ಗದ ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸುವುದು ಅದರ ಆಶಯವಾಗಿತ್ತು.

ಕಾರ್ಯತತ್ತ್ವ

ರೇಡ್ ೧ ಪ್ರತಿ ಡಿಸ್ಕ್‌ನಲ್ಲಿಯೂ ಒಂದೇ ಪ್ರತಿಯನ್ನು ಇರಿಸುತ್ತದೆ. ರೇಡ್ ೫ ದತ್ತಾಂಶವನ್ನು ತುಂಡುಗಳಾಗಿ ಹಂಚಿ, ಅವುಗಳಿಂದ ಲೆಕ್ಕ ಹಾಕಿದ ‘ಪ್ಯಾರಿಟಿ’ಯನ್ನೂ ಬರೆಯುತ್ತದೆ. ಉದಾಹರಣೆಗೆ, ಎರಡು ಡಿಸ್ಕ್‌ಗಳಲ್ಲಿ ಕ್ರಮವಾಗಿ ೧ ಮತ್ತು ೦ ಇದ್ದರೆ ಮೂರನೆಯದರಲ್ಲಿ ೧ ಇರುತ್ತದೆ. ಒಟ್ಟು ಒಂದುಗಳ ಸಂಖ್ಯೆ ಸಮವಾಗಿರಬೇಕೆಂಬುದು ನಿಯಮ. ಯಾವುದೇ ಒಂದು ಡಿಸ್ಕ್ ಕೆಟ್ಟರೂ ಉಳಿದೆರಡರಿಂದ ಅದರ ಅಂಶವನ್ನು ತಿಳಿಯಬಹುದು. ರೇಡ್ ೬ ಎರಡು ಡಿಸ್ಕ್‌ಗಳ ನಷ್ಟವನ್ನು ತಾಳಬಲ್ಲದು. ರೇಡ್ ೦ಕ್ಕೆ ಇಂತಹ ರಕ್ಷಣೆಯಿಲ್ಲ.

ವಿಫಲತೆಯ ಕಾರಣಗಳು

ಕೆಟ್ಟ ಡಿಸ್ಕನ್ನು ಬದಲಿಸಿ ಮರುನಿರ್ಮಿಸುವಾಗ ಉಳಿದವುಗಳನ್ನು ಆದ್ಯಂತ ಓದಬೇಕಾಗುತ್ತದೆ. ಅಲ್ಲಿಯವರೆಗೆ ಕಾಣದಿದ್ದ ದೋಷಗಳು ಆಗ ಹೊರಬೀಳಬಹುದು. ಕೆಲವೊಮ್ಮೆ ಸಡಿಲ ಕೇಬಲ್ ಅಥವಾ ವಿದ್ಯುತ್ ಪೂರೈಕೆಯ ತೊಂದರೆಯಿಂದ ಡಿಸ್ಕ್‌ಗಳು ಸುಸ್ಥಿತಿಯಲ್ಲಿದ್ದರೂ ಸಮೂಹವು ಸ್ಥಗಿತಗೊಳ್ಳುತ್ತದೆ.

ಮರುಗಳಿಕೆಯ ಕ್ರಮ

ಮೊದಲ ನಿಯಮ: ಮೂಲ ಡಿಸ್ಕ್‌ಗಳ ಮೇಲೆ ಏನನ್ನೂ ಬರೆಯಬಾರದು. ಅವಸರದಲ್ಲಿ ಹೊಸ ಸಮೂಹ ರಚಿಸುವುದು, ಮರುನಿರ್ಮಾಣ ಆರಂಭಿಸುವುದು ಅಥವಾ ಕಡತ ವ್ಯವಸ್ಥೆಯನ್ನು ದುರಸ್ತಿ ಮಾಡುವುದು ಉಳಿದಿರುವ ದತ್ತಾಂಶವನ್ನೂ ಅಳಿಸಬಲ್ಲದು.

೧. ಪ್ರತಿ ಡಿಸ್ಕ್‌ನ ‘ಸೂಪರ್‌ಬ್ಲಾಕ್’ನಲ್ಲಿರುವ ವಿವರಗಳನ್ನು (ಸ್ಥಾನ, ತುಂಡಿನ ಗಾತ್ರ, ಘಟನಾ ಎಣಿಕೆ) ಬರೆದಿಟ್ಟುಕೊಳ್ಳಬೇಕು.

೨. ‘ಡಿಡಿರೆಸ್ಕ್ಯೂ’ ಮೂಲಕ ಪ್ರತಿ ಡಿಸ್ಕ್‌ನ ಪೂರ್ಣ ನಕಲು ತೆಗೆದು, ಮುಂದಿನ ಕೆಲಸವನ್ನು ನಕಲುಗಳ ಮೇಲೆಯೇ ಮಾಡಬೇಕು.

೩. ಘಟನಾ ಎಣಿಕೆಗಳು ಸಮೀಪವಿದ್ದರೆ ಸಮೂಹವನ್ನು ಬಲವಂತವಾಗಿ ಜೋಡಿಸಬಹುದು. ಎಣಿಕೆ ಬಹಳ ಹಿಂದುಳಿದ ಡಿಸ್ಕ್‌ನಲ್ಲಿ ಹಳೆಯ ದತ್ತಾಂಶವಿರುವುದರಿಂದ, ಸಾಧ್ಯವಾದಲ್ಲಿ ಅದನ್ನು ಹೊರಗಿಡಬೇಕು.

೪. ಸೂಪರ್‌ಬ್ಲಾಕ್‌ಗಳೇ ನಾಶವಾಗಿದ್ದರೆ ಡಿಸ್ಕ್‌ಗಳ ಅನುಕ್ರಮವನ್ನು ಪ್ರಯೋಗದಿಂದ ಕಂಡುಕೊಳ್ಳಬೇಕು. ನಾಲ್ಕು ಡಿಸ್ಕ್‌ಗಳಿಗೆ ೨೪ ಅನುಕ್ರಮಗಳು ಸಾಧ್ಯ.

೫. ಸಮೂಹವನ್ನು ಓದಲು ಮಾತ್ರ ತೆರೆದು ದೊಡ್ಡ ಕಡತಗಳನ್ನು ಪರೀಕ್ಷಿಸಬೇಕು. ಒಂದೇ ತುಂಡಿನಲ್ಲಿ ಅಡಗುವ ಸಣ್ಣ ಕಡತವು ಅನುಕ್ರಮ ತಪ್ಪಿದ್ದರೂ ಸರಿಯಾಗಿಯೇ ತೆರೆದುಕೊಳ್ಳಬಹುದು.

ಮಿತಿಗಳು

ರೇಡ್ ೫ರಲ್ಲಿ ಎರಡು ಡಿಸ್ಕ್‌ಗಳು ಸಂಪೂರ್ಣ ನಾಶವಾದರೆ ಪೂರ್ಣ ಮರುಗಳಿಕೆ ಅಸಾಧ್ಯ. ಟಕಟಕ ಸದ್ದು ಮಾಡುವ ಡಿಸ್ಕನ್ನು ಮತ್ತೆ ಮತ್ತೆ ಚಾಲನೆ ಮಾಡದೆ ತಜ್ಞ ಪ್ರಯೋಗಾಲಯಕ್ಕೆ ಒಪ್ಪಿಸುವುದು ಲೇಸು. ರೇಡ್ ಡಿಸ್ಕ್‌ನ ವೈಫಲ್ಯದಿಂದ ರಕ್ಷಿಸುತ್ತದೆಯೇ ಹೊರತು, ಬಳಕೆದಾರನೇ ಅಳಿಸಿದ ಕಡತವನ್ನು ಉಳಿಸಲಾರದು. ಆದುದರಿಂದ ಅದು ಬ್ಯಾಕಪ್‌ಗೆ ಪರ್ಯಾಯವಲ್ಲ.